ಪುರುಷರ ಸ್ತನ ಕ್ಯಾನ್ಸರ್: ಕೆಐ-67 ಶೇ. 24 ಎಂದರೆ ಎಷ್ಟು ಆತಂಕಪಡಬೇಕು?

ಪ್ರಶ್ನೆ (ಬಸವನಗುಡಿ, ಬೆಂಗಳೂರು)

ನನ್ನ ತಂದೆಯವರಿಗೆ 64 ವರ್ಷ. ಎಡ ಮೊಲೆತೊಟ್ಟಿನ ಹಿಂದಿದ್ದ ಗಂಟನ್ನು ಕೊಬ್ಬಿನ ಗಡ್ಡೆಯೆಂದುಕೊಂಡು ಅವರು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಈಗ ಶಸ್ತ್ರಚಿಕಿತ್ಸೆಯಾಗಿದ್ದು, ಕಂಕುಳ ಗ್ರಂಥಿಗಳಿಗೆ ಹರಡಿಲ್ಲವೆಂದು ವರದಿ ಬಂದಿದೆ. ಇಆರ್ (ಈಸ್ಟ್ರೋಜನ್ ಹಾರ್ಮೋನಿನ ಗ್ರಾಹಕ) 8ಕ್ಕೆ 8, ಪಿಆರ್ (ಪ್ರೊಜೆಸ್ಟರಾನ್ ಹಾರ್ಮೋನಿನ ಗ್ರಾಹಕ) 8ಕ್ಕೆ 7, ಹರ್-2 (ಗಡ್ಡೆಯ ಬೆಳವಣಿಗೆಗೆ ಒತ್ತುಕೊಡುವ ಪ್ರೋಟೀನು) 'ಎರಡು ಪ್ಲಸ್', ಕೆಐ-67 ಶೇ. 24 ಎಂದಿದೆ. ಈ ಕೊನೆಯ ಅಂಕಿಯನ್ನು ನೋಡಿ ಬಂಧುಗಳು ಮನೆಯಲ್ಲಿ ಎಲ್ಲರನ್ನೂ ಹೆದರಿಸಿದ್ದಾರೆ. ಈ ಪ್ರೋಟೀನುಗಳಿಂದ ಮುಂದಿನದನ್ನು ಎಷ್ಟರಮಟ್ಟಿಗೆ ಊಹಿಸಬಹುದು?

ಉತ್ತರ 1 (ರೋಗಶಾಸ್ತ್ರ ವಿಭಾಗದಲ್ಲಿರುವವರು)

ಕೆಐ-67 ಎಂಬುದು ವಿಭಜನೆಯ ಹಾದಿಯಲ್ಲಿರುವ ಜೀವಕೋಶಗಳಲ್ಲಿ ಕಾಣುವ ಪ್ರೋಟೀನು; ವರದಿಯ ಅಂಕಿ ಅಂಥ ಜೀವಕೋಶಗಳ ಪ್ರಮಾಣ. ಸ್ಲೈಡಿನ ಯಾವ ಭಾಗವನ್ನು ಎಣಿಸಿದರು, ಯಾರು ಎಣಿಸಿದರು ಎಂಬುದರ ಮೇಲೆ ಅದು ಏರುಪೇರಾಗುತ್ತದೆ. ಮಹಿಳೆಯರ ಆರಂಭಿಕ ಹಂತದ, ಇಆರ್ ಇರುವ ಗಡ್ಡೆಗಳಲ್ಲೇ 5ರಿಂದ 30ರ ನಡುವಿನ ಅಂಕಿಯನ್ನು ನೆಚ್ಚಿಕೊಳ್ಳುವುದು ಕಷ್ಟವೆಂದು 2021ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಹೇಳಿತ್ತು. ನಿಮ್ಮ 24 ಅಲ್ಲಿಯೇ ಬೀಳುತ್ತದೆ. ಪುರುಷರ ವಿಷಯದಲ್ಲಿ ಆಧಾರ ಇನ್ನೂ ದುರ್ಬಲ. 1990ರಿಂದ 2010ರವರೆಗೆ ಪತ್ತೆಯಾದ 1,483 ಪುರುಷ ರೋಗಿಗಳನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೇಂದ್ರ ಪ್ರಯೋಗಾಲಯ ಮರುಪರಿಶೀಲಿಸಿದ ಗಡ್ಡೆಗಳ ಪೈಕಿ ಶೇ. 99ರಲ್ಲಿ ಇಆರ್ ಇತ್ತು, ಹರ್-2 ಶೇ. 9ರಲ್ಲಿ ಮಾತ್ರ. ಇಆರ್ ಗಾಢವಾಗಿರುವುದು, ಪಿಆರ್ ಇರುವುದು ಹೆಚ್ಚು ಕಾಲದ ಬದುಕಿನೊಂದಿಗೆ ಕೂಡಿಬಂದವು. ಕೆಐ-67 ಆಗಲಿ, ಗ್ರೇಡ್ (ಜೀವಕೋಶಗಳು ಸಹಜ ರೂಪದಿಂದ ಎಷ್ಟು ದೂರ ಸರಿದಿವೆ ಎಂಬ ಅಳತೆ) ಆಗಲಿ ಅಂಥ ಸಂಬಂಧ ತೋರಲಿಲ್ಲ. ಆದ್ದರಿಂದ ನಿಮ್ಮ ತಂದೆಯವರ ವರದಿಯಲ್ಲಿ ನಾನು ಮೊದಲು ನೋಡುವುದು ಗ್ರಂಥಿಗಳ ಸ್ಥಿತಿ, ಗಡ್ಡೆಯ ಗಾತ್ರ ಮತ್ತು ಆ ಎರಡು ಹಾರ್ಮೋನು ಗ್ರಾಹಕಗಳು. ತುರ್ತಾಗಿ ಇತ್ಯರ್ಥವಾಗಬೇಕಿರುವುದು ಹರ್-2 'ಎರಡು ಪ್ಲಸ್'. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಹರ್-2 ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಮಾಡಿಸಿದ ಮೇಲೆಯೇ ಹರ್-2 ವಿರುದ್ಧದ ಔಷಧ ಟ್ರಾಸ್ಟುಜುಮ್ಯಾಬ್ ಬೇಕೇ ಬೇಡವೇ ಎಂದು ನಿರ್ಧರಿಸಲು ಸಾಧ್ಯ.

ಉತ್ತರ 2 (ಕ್ಯಾನ್ಸರ್ ವಿಭಾಗದ ನಿವೃತ್ತ ಶುಶ್ರೂಷಕಿ)

ಮೇಲಿನವರು ಹೇಳಿದ್ದಕ್ಕೆ ಔಷಧದ ಮಾತೊಂದನ್ನು ಸೇರಿಸುತ್ತೇನೆ. ಇಂಥ ವರದಿಯಿದ್ದಾಗ ಸಾಮಾನ್ಯವಾಗಿ ಇಆರ್ ಗ್ರಾಹಕವನ್ನು ತಡೆಯುವ ಟಮಾಕ್ಸಿಫೆನ್ ಮಾತ್ರೆಯನ್ನು ದಿನಕ್ಕೆ 20 ಮಿಲಿಗ್ರಾಂನಂತೆ 5 ವರ್ಷ ಕೊಡುತ್ತಾರೆ. ಮೈ ಬಿಸಿಯಾಗುವುದು, ಲೈಂಗಿಕ ಆಸಕ್ತಿ ಕುಗ್ಗುವುದು ಮುಂತಾದ ತೊಂದರೆಗಳನ್ನು ಹೇಳಿಕೊಳ್ಳಲು ಸಂಕೋಚಪಟ್ಟು ಗಂಡಸರು ಸದ್ದಿಲ್ಲದೆ ಮಾತ್ರೆ ಬಿಟ್ಟುಬಿಡುವುದುಂಟು, ಇಆರ್ 8ಕ್ಕೆ 8 ಇದ್ದ ಪ್ರಯೋಜನವೂ ಅಲ್ಲಿಗೆ ಕೈತಪ್ಪುತ್ತದೆ. ಕಾಲು ಊದಿಕೊಂಡರೆ, ಉಸಿರು ಕಟ್ಟಿದರೆ ಕೂಡಲೇ ವೈದ್ಯರಲ್ಲಿಗೆ ಹೋಗಿ. ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಖಿನ್ನತೆಗೆ ಪ್ಯಾರಾಕ್ಸೆಟಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಏಕೆಂದರೆ ಟಮಾಕ್ಸಿಫೆನ್ ದೇಹದಲ್ಲಿ ಕೆಲಸಕ್ಕೆ ಬರುವ ರೂಪ ತಾಳುವುದನ್ನು ಅದು ತಡೆಯುತ್ತದೆ.

ಉತ್ತರ 3

ಬಿಆರ್‌ಸಿಎ (ದೋಷವಿದ್ದರೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ, ವಂಶದಲ್ಲಿ ಹರಿದುಬರುವ ಜೀನುಗಳು) ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿದಿರಾ? ಸ್ತನ ಕ್ಯಾನ್ಸರ್ ಬಂದ ಪ್ರತಿಯೊಬ್ಬ ಪುರುಷನಿಗೂ ಅದನ್ನು ಸೂಚಿಸುತ್ತಾರೆ. ಬಿಆರ್‌ಸಿಎ-2 ದೋಷ ಕಂಡುಬಂದರೆ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬಂದಿರುವ ಸಂಭವ ಅರ್ಧದಷ್ಟು. ನಿಮಗೆ ಅಕ್ಕತಂಗಿಯರಿದ್ದರೆ ಅವರಿಗೂ ತಿಳಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಫಿಶ್‌ಗಾಗಿ ಪ್ಯಾರಾಫಿನ್ ಬ್ಲಾಕನ್ನು (ಮೇಣದಲ್ಲಿ ಕಾಯ್ದಿಟ್ಟ ಗಡ್ಡೆಯ ತುಣುಕು) ನಾಳೆ ಆಸ್ಪತ್ರೆಯಿಂದ ಪಡೆಯುತ್ತೇನೆ. ಅಕ್ಕನಿಗೂ ಇವತ್ತೇ ಫೋನ್ ಮಾಡುತ್ತೇನೆ.