ಅಪ್‌ಡೇಟ್: ಅಮ್ಮನನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿ ಬಂದೆ

ಹಾಸನದಿಂದ ಬರುವ ಅಮ್ಮನಿಗೆ ಮಂಡಿ ನೋವು, ಕಬ್ಬನ್ ಪಾರ್ಕ್ ತೋರಿಸಬಹುದಾ ಅಂತ ಕೇಳಿದ್ದೆ. ಭಾನುವಾರ ಬೆಳಿಗ್ಗೆ ಬೇಗ ಹೋಗಿ, ಮೆಟ್ರೋದಲ್ಲೇ ಹೋಗಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದಲ್ಲಿ ಮೂರನೇ ಸ್ಟೇಷನ್ನೇ ಕಬ್ಬನ್ ಪಾರ್ಕ್. ಲಿಫ್ಟ್ ಇದ್ದಿದ್ದರಿಂದ ಮೆಟ್ಟಿಲಿನ ಕಷ್ಟ ಬರಲಿಲ್ಲ. ಭಾನುವಾರ ಒಳಗಿನ ರಸ್ತೆಗೆ ವಾಹನ ಬಿಡುವುದಿಲ್ಲ ಅಲ್ವಾ, ಅಮ್ಮ ರಸ್ತೆ ಮಧ್ಯದಲ್ಲೇ ನಿಧಾನವಾಗಿ ನಡೆದರು. ದಣಿವಾದಾಗ ಬೆಂಚ್ ಮೇಲೆ ಕೂತೆವು. ಬಿದಿರು ಮೆಳೆಯ ಹತ್ತಿರ ಅರ್ಧ ಗಂಟೆ ಸುಮ್ನೆ ಕೂತಿದ್ದೇ ನನಗೆ ಎಲ್ಲಕ್ಕಿಂತ ಇಷ್ಟವಾಯಿತು, ಯಾಕೆಂದರೆ ಅಷ್ಟು ಹೊತ್ತು ಅಮ್ಮ ತನ್ನ ತವರಿನ ತೋಟದ ಕಥೆ ಹೇಳುತ್ತಿದ್ದರು, ನಾನು ಎಷ್ಟೋ ವರ್ಷದಿಂದ ಹಾಗೆ ಕೂತು ಕೇಳಿರಲಿಲ್ಲ.

ಆಮೇಲೆ ಕೆಂಪು ಬಣ್ಣದ ಅಠಾರ ಕಚೇರಿ, ಅಂದರೆ ಈಗಿನ ಹೈಕೋರ್ಟ್, ದೂರದಿಂದಲೇ ನೋಡಿದೆವು. ಶೇಷಾದ್ರಿ ಅಯ್ಯರ್ ಹೆಸರಿನ ಲೈಬ್ರರಿ ಕಟ್ಟಡ ಅಮ್ಮನಿಗೆ ಅರಮನೆ ಥರ ಕಂಡಿತು. ಸ್ಯಾಂಕಿ ಎಂಬ ಎಂಜಿನಿಯರ್ 1870ರಲ್ಲಿ ಮಾಡಿಸಿದ ಪಾರ್ಕ್ ಇದು, ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ ಅಂದೆ. "ಇಷ್ಟು ವರ್ಷ ಮರ ಉಳಿಸಿಕೊಂಡಿದ್ದಾರಲ್ಲಪ್ಪ" ಅಂದರು.

ಒಂದೇ ಸಲಹೆ: ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಒಂಬತ್ತೂವರೆ ಮೇಲೆ ಜನ ಜಾಸ್ತಿ ಆದರು, ನಾವು ಹೊರಟೆವು. ಮುಂದಿನ ಸಲ ಮೊಮ್ಮಗಳ ಜೊತೆ ಬಾಲಭವನಕ್ಕೆ ಹೋಗಬೇಕಂತೆ, ಅಮ್ಮನೇ ಹೇಳಿದ್ದಾರೆ.