ಅಪ್‌ಡೇಟ್: ಎಸಿ ಕಂಪ್ರೆಸರ್ ಪದೇ ಪದೇ ಆಫ್ ಆಗ್ತಿದ್ದದ್ದಕ್ಕೆ ಕಾರಣ ಸಿಕ್ತು

ರೂಮು ತಣ್ಣಗಾಗುವ ಮೊದಲೇ ಕಂಪ್ರೆಸರ್ ನಿಂತು, ಮೂರು ನಿಮಿಷಕ್ಕೆ ಮತ್ತೆ ಶುರುವಾಗುತ್ತೆ ಅಂತ ಕೇಳಿದ್ದೆ (1.5 ಟನ್ ಸ್ಪ್ಲಿಟ್, ಇನ್ವರ್ಟರ್ ಅಲ್ಲ). ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಗ್ಯಾಸ್ ಸರಿಯಾಗೇ ಇತ್ತು. ತೊಂದರೆ ಇದ್ದದ್ದು ರೂಮ್ ಸೆನ್ಸರ್ (ರೂಮಿನ ತಾಪಮಾನ ಅಳೆಯುವ ಭಾಗ) ಕೂತಿದ್ದ ಜಾಗದಲ್ಲಿ. ಒಳಗಿನ ಯೂನಿಟ್‌ನ ಫಿಲ್ಟರ್ ತೆಗೆದರೆ ಕಾಯಿಲ್ (ಗಾಳಿ ತಣ್ಣಗಾಗಿಸುವ ಕೊಳವೆಗಳು) ಮುಂದೆ ಕಾಳುಮೆಣಸಿನಂಥ ಕಪ್ಪು ತಲೆಯ ವೈರ್ ಕಾಣುತ್ತೆ, ಅದೇ. ಪ್ಲಾಸ್ಟಿಕ್ ಕ್ಲಿಪ್ ಮುರಿದು, ತಲೆ ಕಾಯಿಲ್‌ನ ತಣ್ಣನೆಯ ಫಿನ್‌ಗಳಿಗೆ (ತೆಳು ಲೋಹದ ಪಟ್ಟಿಗಳಿಗೆ) ಅಂಟಿಕೊಂಡಿತ್ತು. ರೂಮು 29 ಡಿಗ್ರಿ ಇದ್ದರೂ ಎಸಿಯ ಕಂಟ್ರೋಲ್ ಬೋರ್ಡ್‌ಗೆ 'ತಣ್ಣಗಾಯ್ತು' ಅನ್ನೋ ಲೆಕ್ಕ, ಅದಕ್ಕೇ ಕಂಪ್ರೆಸರ್ ನಿಲ್ಲಿಸ್ತಿತ್ತು.

ಎಂಸಿಬಿ (ಎಸಿಗೆ ಕರೆಂಟ್ ಕೊಡುವ ಮೇನ್ ಸ್ವಿಚ್) ಆಫ್ ಮಾಡಿ, ಹೊಸ ಕ್ಲಿಪ್ ಹಾಕಿ, ತಲೆಯನ್ನು ಕಾಯಿಲ್‌ನಿಂದ ಒಂದು ಸೆಂಟಿಮೀಟರ್ ಮುಂದೆ, ಗಾಳಿ ಒಳಬರುವ ಕಡೆ ಕೂರಿಸಿದೆ. ಸೆನ್ಸರ್‌ನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ರೆಸಿಸ್ಟೆನ್ಸ್ (ವಿದ್ಯುತ್ ರೋಧ) ಕೂಡ ನೋಡಿದೆ: 25 ಡಿಗ್ರಿಯಲ್ಲಿ ಸುಮಾರು 10 ಕಿಲೋಓಮ್ (ಕೆಲವು ಮಾಡೆಲ್‌ಗಳಲ್ಲಿ 5), ಸೆನ್ಸರ್ ಚೆನ್ನಾಗಿದೆ. ಈಗ ಸೆಟ್ ಮಾಡಿದ 24 ಮುಟ್ಟುವವರೆಗೂ ಕಂಪ್ರೆಸರ್ ಬಿಡದೆ ಓಡ್ತಿದೆ. ಗ್ಯಾಸ್ ತುಂಬಿಸೋಕೆ ದುಡ್ಡು ಕೊಡುವ ಮುಂಚೆ ದಯವಿಟ್ಟು ಈ ಕ್ಲಿಪ್ ನೋಡಿ.