ಅಪ್‌ಡೇಟ್: ‘ವೈಟ್ ಡ್ವಾರ್ಫ್’ ಚಂದಾ ವಿಚಾರ

ಹೋದ ತಿಂಗಳು ಕೇಳಿದ್ದೆನಲ್ಲ, ಬ್ರಿಟನ್ನಿನಿಂದ ಬರಬೇಕಿದ್ದ ‘ವೈಟ್ ಡ್ವಾರ್ಫ್’ (ಪುಟಾಣಿ ಗೊಂಬೆಸೈನಿಕರಿಗೆ ಬಣ್ಣ ಹಚ್ಚಿ ಯುದ್ಧದಾಟ ಆಡುವವರ ಪತ್ರಿಕೆ) ಎರಡು ಸಂಚಿಕೆ ಪತ್ತೆಯಿಲ್ಲ, ಚಂದಾ ಮುಂದುವರಿಸಲಾ ಬೇಡವಾ ಅಂತ. ಒಂದು ಬಂತು. ಮಳೆಗೆ ನೆನೆದು, ಹಾಳೆಗಳೆಲ್ಲ ಕಾವಲಿಗೆ ಹಿಡಿದ ದೋಸೆ ಹಾಗೆ ಅಂಟಿಕೊಂಡಿವೆ. ಇನ್ನೊಂದರ ಆಸೆ ಬಿಟ್ಟೆ. ಚಂದಾ ನಿಲ್ಲಿಸಿದೆ.

ನಿಮ್ಮಲ್ಲಿ ಯಾರೋ ಹೇಳಿದಂತೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ತಡಕಾಡಿದೆ. ಮೂಲೆಯ ರಾಶಿಯ ತಳದಲ್ಲಿ ಮೂರು ಹಳೇ ಸಂಚಿಕೆ ಸಿಕ್ಕವು! ಬೆನ್ನು ಹರಿದಿದೆ, ಒಂದರಲ್ಲಿ ಯಾರೋ ಪೆನ್ಸಿಲ್ಲಲ್ಲಿ ಸೇನೆಯ ಪಾಯಿಂಟ್ಸ್ (ಆಟದಲ್ಲಿ ಒಬ್ಬೊಬ್ಬ ಸೈನಿಕನಿಗಿರೋ ಅಂಕ) ಕೂಡಿದ್ದಾರೆ, ಲೆಕ್ಕ ತಪ್ಪಿದೆ. 1977ರಲ್ಲಿ ಶುರುವಾದಾಗ ಈ ಪತ್ರಿಕೆ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುವ ಆಟಗಳದ್ದೇ ಅದರಲ್ಲಿ ಕಾರುಬಾರು. ಗೊಂಬೆಸೈನ್ಯ ಅದನ್ನು ಪೂರ್ತಿ ಆಕ್ರಮಿಸಿದ್ದು ಆಮೇಲೆ.

ಆ ಹಳೇ ಸಂಚಿಕೆಗಳ ಬಣ್ಣದ ಪಾಠ ಮಾತ್ರ ಇವತ್ತಿಗೂ ನಡೆಯುತ್ತೆ: ನೀರು ಬೆರೆಸಿ ತೆಳ್ಳಗೆ, ಒಂದರ ಮೇಲೊಂದು ಕೋಟ್. ಆದರೆ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹಚ್ಚೋ ತಳಕೋಟ್) ಸ್ಪ್ರೇನ ಮಳೆ ಹನಿಯುವಾಗ ಬಾಲ್ಕನಿಯಲ್ಲಿ ಹೊಡೆದೆ, ಗೊಂಬೆಗಳ ಮುಖವೆಲ್ಲ ರವೆ ಉದುರಿಸಿದ ಹಾಗೆ ತರಿತರಿ. ಹನ್ನೆರಡು ಸೈನಿಕರು ಹಾಳು. ಬಿಸಿಲು ಬರೋವರೆಗೆ ಬ್ರಶ್ಶಿನಲ್ಲೇ ಪ್ರೈಮರ್.

ಉಳಿದವರನ್ನು ಶೋಕೇಸಿಗೆ ಜೋಡಿಸಿದೆ. ಅಮ್ಮ ನೋಡಿ, ‘ದಸರಾ ಗೊಂಬೆ ಜೊತೆ ಕೂರಿಸೋಣ ಬಿಡು’ ಅಂದರು.